ಹಳ್ಳದ ದಂಡೆಗೆ ಎಸ್‌ಟಿಪಿ ಬರುತ್ತದಂತೆ: ವಿರೋಧದ ಅರ್ಜಿಗೆ ಸಹಿ ಹಾಕಲೇ, ಬಿಡಲೇ?

ತೋಟದಂಚು:
ಎಲ್ಲರಿಗೂ ನಮಸ್ಕಾರ. ಶಿರಸಿ–ಸಿದ್ದಾಪುರ ಸೀಮೆಯ ಒಂದು ಪೇಟೆಯಿಂದ ನಾಲ್ಕು ಕಿಲೋಮೀಟರ್ ಕೆಳಗೆ ನಮ್ಮ ಅಡಿಕೆ ತೋಟ. ಪೇಟೆಯ ಹೆಸರು ಬರೆಯುವುದಿಲ್ಲ, ಬರೆದರೆ ಜಗಳ ಮನೆ ಬಾಗಿಲಿಗೇ ಬರುತ್ತದೆ. ದಯವಿಟ್ಟು ಊಹಿಸುವ ಆಟವನ್ನೂ ಆಡಬೇಡಿ. ತೋಟದ ಅಂಚಿನ ಹಳ್ಳ ಮುಂದೆ ಹೋಗಿ ಅಘನಾಶಿನಿಗೆ ಸೇರುತ್ತದೆ.

ಕಳೆದ ವಾರ ಒಂದು ಅರ್ಜಿ ಮನೆಮನೆಗೆ ಬಂತು. ‘ಪೇಟೆಯ ಹೊಲಸು ನಮ್ಮೂರಿಗೆ ಬೇಡ’ ಎಂದು ತಲೆಬರಹ. ಪೇಟೆಯ ಒಳಚರಂಡಿ ನೀರನ್ನು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ, ನಮ್ಮ ಹಳ್ಳದ ದಂಡೆಗೆ ಬರುತ್ತದಂತೆ. ಮಾವನವರು ಕನ್ನಡಕವನ್ನೂ ಹಾಕದೆ ಸಹಿ ಮಾಡಿದರು. ನಾನು ಪೆನ್ನು ಹಿಡಿದು ನಿಂತೆ, ‘ನಾಳೆ ಕೊಡುತ್ತೇನೆ’ ಎಂದೆ. ಆ ನಾಳೆ ಇನ್ನೂ ಬಂದಿಲ್ಲ.

ನಿಂತದ್ದೇಕೆಂದರೆ, ಪೇಟೆಯ ಹೊಲಸು ಈಗಲೂ ನಮ್ಮೂರಿಗೇ ಬರುತ್ತಿದೆ. ದೀಪಾವಳಿ ಕಳೆದು ಹಳ್ಳ ಸಣ್ಣದಾದ ಮೇಲೆ ನೊರೆ, ಶಿವರಾತ್ರಿಯ ಹೊತ್ತಿಗೆ ನಾತ. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಇದೇ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಈಗ ದನಕ್ಕೂ ಕುಡಿಸುವುದಿಲ್ಲ. ಘಟಕ ಬಂದರೆ ಈ ಕಾಟ ಹೆಚ್ಚಾಗುತ್ತದೋ, ಕಡಿಮೆಯಾಗುತ್ತದೋ? ಇಂಥ ಘಟಕ ನಡೆಸಿದವರು, ಅದರ ಪಕ್ಕದಲ್ಲಿ ಬದುಕುವವರು ಇದ್ದರೆ ಹೇಳಿ.

ಮೈಲುತುತ್ತ:
ಸಹಿ ಹಾಕಿ. ಇದಕ್ಕೆಲ್ಲ ಯೋಚನೆ ಏಕೆ? ಉದ್ಘಾಟನೆಯ ದಿನ ಯಂತ್ರ ತಿರುಗುತ್ತದೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಆರು ತಿಂಗಳಿಗೆ ಬಾಗಿಲಿಗೆ ಬೀಗ, ಕಾಂಪೌಂಡಿನ ಒಳಗೆ ಲಂಟಾನ. ನಾತ ಮಾತ್ರ ನಿಮ್ಮ ಪಾಲಿಗೆ.

ಘಟ್ಟದಿಳಿದವ:
ಮೊದಲ ಉತ್ತರದಲ್ಲೇ ತೀರ್ಪು ಬಂತು. ಕಕ್ಷಿದಾರರು ಇನ್ನೂ ಕುರ್ಚಿಯಲ್ಲಿ ಕೂತಿಲ್ಲ ಸ್ವಾಮಿ.

ಪಂಪ್‌ಹೌಸ್:
ಹನ್ನೊಂದು ವರ್ಷ ಬಯಲುಸೀಮೆಯ ಎರಡು ಘಟಕಗಳಲ್ಲಿ ಪಾಳಿ ಮಾಡಿ ಈಗ ಊರಿಗೆ ಬಂದು ಕೂತಿದ್ದೇನೆ. ತಂಗಿ, ನಡೆಯುವ ಘಟಕ ಪಕ್ಕದಲ್ಲಿದ್ದರೆ ಅದು ಇದೆಯೆಂಬುದೇ ಮರೆತುಹೋಗುತ್ತದೆ. ನಿಂತ ಘಟಕ ಪಕ್ಕದಲ್ಲಿದ್ದರೆ ನೀವು ಊರು ಬಿಡಬೇಕು. ಎರಡಕ್ಕೂ ಕಟ್ಟಡ ಒಂದೇ, ಹಾಗಾಗಿ ಕಟ್ಟಡ ನೋಡಿ ಏನೂ ಹೇಳಲಾಗದು.

ಒಳಗೆ ಮೊದಲು ಇರುವುದು ಜಾಲರಿ. ಅದರಲ್ಲಿ ಸಿಕ್ಕಿಕೊಂಡದ್ದನ್ನು ನೋಡಿದರೆ ಪೇಟೆಯವರ ಸಂಸಾರವೆಲ್ಲ ತಿಳಿಯುತ್ತದೆ: ಶ್ಯಾಂಪೂ ಪೊಟ್ಟಣ, ಹಳೆಯ ಬನಿಯನ್, ಪ್ಯಾಡ್, ಕುಕ್ಕರಿನ ರಬ್ಬರು. ಆಮೇಲೆ ಮರಳು ಕೂರುವ ತೊಟ್ಟಿ. ಅದಾದ ಮೇಲೆ ಗಾಳಿ ಊದುವ ತೊಟ್ಟಿ, ಮುಖ್ಯ ಕೆಲಸ ನಡೆಯುವುದು ಅಲ್ಲಿ. ದುಡಿಯುವುದು ಬ್ಯಾಕ್ಟೀರಿಯಾ, ನಾವು ಅವುಗಳ ಕೊಟ್ಟಿಗೆ ಕಾಯುವವರು. ನೀರಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಕರಗಿದ ಆಮ್ಲಜನಕ ಇರುವಂತೆ ನೋಡಿಕೊಂಡರೆ ಅವು ಹೊಲಸನ್ನು ತಿಂದು, ಒಂದಕ್ಕೊಂದು ಅಂಟಿಕೊಂಡು, ಕೆಸರಾಗಿ ತಳ ಹಿಡಿಯುತ್ತವೆ. ಮೇಲಿನ ತಿಳಿನೀರಿಗೆ ಕ್ಲೋರಿನ್ ಕೊಟ್ಟು ಹೊರಗೆ ಬಿಡುವುದು. ಈಚೆಗೆ ಹೆಚ್ಚಾಗಿ ಕಟ್ಟುವ ಎಸ್‌ಬಿಆರ್ ಎಂಬ ಬಗೆಯಲ್ಲಿ ತುಂಬಿಸುವುದು, ಊದುವುದು, ಕೂರಿಸುವುದು, ತಿಳಿ ತೆಗೆಯುವುದು ಎಲ್ಲವೂ ಒಂದೇ ತೊಟ್ಟಿಯಲ್ಲಿ ಸರದಿಯಂತೆ ನಡೆಯುತ್ತದೆ.

ಗಾಳಿ ಊದುವ ಬ್ಲೋವರ್ ನಿಂತಿತೋ, ಕಥೆ ಬೇರೆ. ಕೆಲವು ಗಂಟೆಯ ನಂತರ ಅವಕ್ಕೆ ಉಸಿರು ಕಟ್ಟುತ್ತದೆ, ತೊಟ್ಟಿ ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ನಮ್ಮ ಘಟಕದಲ್ಲಿ ಜನರೇಟರ್ ಇತ್ತು. ಡೀಸೆಲ್ ಇರುವುದು ತಿಂಗಳ ಮೊದಲ ವಾರ ಮಾತ್ರ.

ನೀವೇ ಪರೀಕ್ಷೆ ಮಾಡಬಹುದು. ಯಾವುದಾದರೂ ಘಟಕಕ್ಕೆ ಹೋದರೆ ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಸಿಲಿಂಡರಿನಲ್ಲಿ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಡಲು ಹೇಳಿ. ಕಂದು ಕೆಸರು ಕೆಳಗೆ ಕೂತು ಮೇಲೆ ತಿಳಿ ನಿಂತು, ಮೂಗಿಗೆ ಮಳೆ ಬಿದ್ದ ಮಣ್ಣಿನಂಥ ವಾಸನೆ ಬಂದರೆ ಅಲ್ಲಿಯ ಹುಡುಗರು ಕೆಲಸಗಾರರು ಎಂದು ತಿಳಿಯಿರಿ. ಕಚೇರಿಯ ಗೋಡೆಯಲ್ಲಿ ತೂಗುಹಾಕಿದ ಪಟ್ಟಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಲೆಕ್ಕಪತ್ರ:
ಒಂದು ಅಂದಾಜು ಕೊಡುತ್ತೇನೆ. 60 ಸಾವಿರ ಜನರ ಪೇಟೆ ಎಂದುಕೊಳ್ಳಿ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂದು ಲೆಕ್ಕ. ಅದರಲ್ಲಿ ಶೇ 80ರಷ್ಟು ಗಟಾರಕ್ಕೆ ಬರುತ್ತದೆ ಎಂದು ಹಿಡಿಯುತ್ತಾರೆ. ಅಂದರೆ ದಿನಕ್ಕೆ 65 ಕೋಟಿ ಲೀಟರ್. ಆ ಸಣ್ಣ ಹಳ್ಳಕ್ಕೆ!

ಘಟ್ಟದಿಳಿದವ:
65 ಲಕ್ಷ. ಕೋಟಿಯಲ್ಲ ಮಾರಾಯರೇ, ನೀವು ಬೆಂಗಳೂರಿನ ಅರ್ಧವನ್ನು ಘಟ್ಟದ ಮೇಲೆ ತಂದು ಕೂರಿಸಿದಿರಿ.

ಲೆಕ್ಕಪತ್ರ:
ಹೌದು, ಲಕ್ಷ. ಸೊನ್ನೆಗಳು ಜಾರಿದವು. ಹೆಸರು ಬದಲಿಸಿಕೊಳ್ಳುತ್ತೇನೆ.

ಮೈಲುತುತ್ತ:
65 ಲಕ್ಷವೇ ಇರಲಿ. ನಮ್ಮ ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಬೀಳುತ್ತದೆ. ಅಷ್ಟು ಮೇಲಿನಿಂದ ಬಿದ್ದು ನೊರೆನೊರೆಯಾಗಿ ಗಾಳಿ ಕುಡಿಯುವ ನೀರಿಗೆ ನಿಮ್ಮ ಬ್ಲೋವರ್ ಏಕೆ? ಹರಿಯುವ ನೀರಿಗೆ ದೋಷವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನೀರಿನ ಮೇಷ್ಟ್ರು:
ಮೈಲುತುತ್ತ ಅವರೇ, ನಿಮ್ಮ ಮಾತಿನಲ್ಲಿ ಕಾಲು ಭಾಗ ನಿಜವಿದೆ, ಆದ್ದರಿಂದಲೇ ಅದು ಅಪಾಯ. ಹೊಳೆ ತನ್ನನ್ನು ತಾನು ತೊಳೆದುಕೊಳ್ಳುತ್ತದೆ. 1925ರಲ್ಲೇ ಅಮೆರಿಕದ ಓಹಿಯೋ ನದಿಯನ್ನು ನೋಡಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬ ಇಬ್ಬರು ಇದಕ್ಕೆ ಸಮೀಕರಣವನ್ನೇ ಬರೆದರು. ಹೊಲಸು ಸೇರಿದ ಜಾಗದಿಂದ ಕೆಳಗೆ ಆಮ್ಲಜನಕ ಇಳಿಯುತ್ತ ಹೋಗುತ್ತದೆ, ಒಂದು ಕಡೆ ತಳ ಮುಟ್ಟುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ. ಆ ತಗ್ಗು ಎಷ್ಟು ಆಳ, ಎಷ್ಟು ದೂರ ಎಂಬುದನ್ನು ನಿರ್ಧರಿಸುವುದು ಹೊಳೆಯಲ್ಲಿ ಇರುವ ನೀರು. ಆಷಾಢದಲ್ಲಿ ಈ ಹೊಳೆ ಏನನ್ನಾದರೂ ನುಂಗುತ್ತದೆ. ಏಪ್ರಿಲಿನಲ್ಲಿ ಉಂಚಳ್ಳಿಗೆ ಹೋಗಿ ನೋಡಿ, ಬಂಡೆಯ ಮೇಲೆ ಜನಿವಾರದ ಹಾಗೆ ನಾಲ್ಕು ಎಳೆ. ಪೇಟೆಯವರು ಬೇಸಿಗೆಯಲ್ಲಿ ಸ್ನಾನ ಬಿಡುವುದಿಲ್ಲವಲ್ಲ. ತೋಟದಂಚಿನ ಅಕ್ಕ ನೊರೆ ಯಾವಾಗ, ನಾತ ಯಾವಾಗ ಎಂದು ಬರೆದದ್ದು ಇದೇ ಸಮೀಕರಣ, ಪಂಚಾಂಗದ ಭಾಷೆಯಲ್ಲಿ.

ಇನ್ನೊಂದು ವಿಷಯ. ಗಾಳಿ ಬೆರೆತರೆ ಬಿಒಡಿ ಇಳಿಯುತ್ತದೆ, ಸರಿ. ಬಿಒಡಿ ಎಂದರೆ ನೀರಿನಲ್ಲಿರುವ ಹೊಲಸಿನ ಹಸಿವು, ಅದನ್ನು ಜೀವಾಣುಗಳು ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕೆಂಬ ಅಳತೆ. ಮನೆಗಳಿಂದ ಬರುವ ನೀರಿನಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. ಸ್ನಾನಕ್ಕೆ ತಕ್ಕ ನದಿನೀರಿನಲ್ಲಿ 3ಕ್ಕಿಂತ ಹೆಚ್ಚಿರಬಾರದು. ಆದರೆ ಕರುಳಿನ ರೋಗಾಣುಗಳು ಜಲಪಾತದಿಂದ ಬಿದ್ದ ಮಾತ್ರಕ್ಕೆ ಸಾಯುವುದಿಲ್ಲ. ಅವು ಕೆಳಗಿನ ಊರಿಗೆ ಬೇಗ ತಲುಪುತ್ತವೆ, ಅಷ್ಟೆ.

ಅಪ್ಪೆಮಿಡಿ:
ಅಘನಾಶಿನಿ ಅಂದರೆ ಪಾಪವನ್ನು ತೊಳೆಯುವವಳು, ಪಾಯಿಖಾನೆಯನ್ನಲ್ಲ 😄

ಘಟ್ಟದಿಳಿದವ:
ಈ ಜೋಕು ಪ್ರತಿ ಬೇಸಿಗೆಯಲ್ಲಿ ಒಮ್ಮೆ ಬರುತ್ತದೆ, ನೊರೆಯ ಜೊತೆಗೆ.

ಗಜನಿಗದ್ದೆ:
ನಾನು ಕುಮಟಾ ಕಡೆಯವಳು, ಹೊಳೆ ಸಮುದ್ರ ಸೇರುವ ಜಾಗದ ಹತ್ತಿರ. ಇಷ್ಟು ಹೊತ್ತು ಓದುತ್ತ ಕೂತಿದ್ದೆ. ಘಟ್ಟದ ಮೇಲಿನವರು ‘ನಮ್ಮ ಹಳ್ಳ, ನಮ್ಮ ತೋಟ’ ಎನ್ನುತ್ತೀರಿ. ಅದೇ ನೀರು ಕೊನೆಗೆ ನಮ್ಮ ಗಜನಿಗೆ, ಉಪ್ಪುನೀರು ಬಂದುಹೋಗುವ ಗದ್ದೆಗೆ, ಬರುತ್ತದೆ ಎಂಬುದು ಒಬ್ಬರಿಗೂ ನೆನಪಾಗಲಿಲ್ಲ.

ಇಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ತೆಗೆಯುತ್ತಾರೆ. ನಮ್ಮ ಅಮ್ಮ ತೆಗೆದು ಮಾರಿಯೇ ನನ್ನನ್ನು ಕಾಲೇಜಿಗೆ ಕಳಿಸಿದ್ದು. ಬಳಚು ನೀರನ್ನು ಸೋಸಿ ತಿನ್ನುವ ಜೀವಿ. ನೀರಿನಲ್ಲಿ ಏನಿದೆಯೋ ಅದು ಅದರ ಹೊಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಮೀನಾದರೆ ಕೆಟ್ಟ ನೀರು ಬಿಟ್ಟು ಓಡುತ್ತದೆ, ಬಳಚು ಎಲ್ಲಿಗೆ ಓಡಬೇಕು? 2024ರ ಜನವರಿಯಲ್ಲಿ ನಮ್ಮ ಅಳಿವೆಗೆ ರಾಮ್ಸಾರ್ ಪಟ್ಟ ಸಿಕ್ಕಿತು, 4,801 ಹೆಕ್ಟೇರ್. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂದು ಎಲ್ಲರೂ ಅಭಿನಂದನೆ ಕಳಿಸಿದರು. ಅಭಿನಂದನೆ ಕಳಿಸಿದವರ ಮನೆಯ ಗಟಾರ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕೆನಿಸಿತ್ತು. ಇವತ್ತು ಕೇಳಿದೆ.

ತೋಟದಂಚು:
ಅಕ್ಕ, ತಪ್ಪಾಯಿತು. ನಿಜಕ್ಕೂ ನಾನು ಹಳ್ಳ ಮುಗಿಯುವಲ್ಲಿಗೆ ಯೋಚನೆ ನಿಲ್ಲಿಸಿದ್ದೆ.

ಮೈಲುತುತ್ತ:
ಭಾವನೆ ಬೇರೆ, ವ್ಯವಹಾರ ಬೇರೆ. ಅಳಿವೆ ಉಳಿಯಬೇಕಾದರೆ ಘಟಕವನ್ನು ಪೇಟೆಯೊಳಗೇ ಕಟ್ಟಲಿ. ತಿಂದವರು ಅವರು, ನಾತ ಕುಡಿಯುವವರು ನಾವು.

ಪಂಪ್‌ಹೌಸ್:
ಒಳಚರಂಡಿ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರಬೇಕು, ಅದಕ್ಕೇ ಘಟಕವನ್ನು ಅತಿ ತಗ್ಗಿನಲ್ಲಿ ಇಡುತ್ತಾರೆ. ಮೇಲೆ ಕಟ್ಟಿದರೆ ಇಡೀ ದಿನ ಪಂಪ್ ಮಾಡಬೇಕು, ಕರೆಂಟು ಹೋದಾಗ ಮ್ಯಾನ್‌ಹೋಲ್ ಉಕ್ಕಿ ರಸ್ತೆಗೆ ಬರುತ್ತದೆ. ಆದರೆ ತಗ್ಗು ಎಂದರೆ ಹಳ್ಳದ ದಂಡೆಯೇ ಆಗಬೇಕೆಂದಿಲ್ಲ. ತಂಗಿ, ಒಂದು ಕೇಳುತ್ತೇನೆ. 2019ರ ಆಗಸ್ಟ್ ನೆರೆಯಲ್ಲಿ ಆ ಜಾಗಕ್ಕೆ ನೀರು ಬಂದಿತ್ತೇ?

ತೋಟದಂಚು:
ಬಂದಿತ್ತು! ಅಲ್ಲಿದ್ದ ನಮ್ಮ ಪಂಪ್‌ಶೆಡ್ಡಿನ ಹಂಚಿನವರೆಗೂ ಬಂದಿತ್ತು. ಮೋಟಾರು ಕೆಸರಿನಲ್ಲಿ ಹೂತಿತ್ತು.

ಪಂಪ್‌ಹೌಸ್:
ನೋಡಿ, ಇದು ತಕರಾರು. ‘ಹೊಲಸು ಬೇಡ’ ಎನ್ನುವುದು ಬರೀ ಬೈಗುಳ. ನೆರೆ ನೀರು ಒಳಗೆ ನುಗ್ಗಿದರೆ ಬ್ಲೋವರ್, ಮೋಟಾರು, ವಿದ್ಯುತ್ ಫಲಕ ಎಲ್ಲ ಹೋಗುತ್ತವೆ. ವರ್ಷಗಟ್ಟಲೆ ಸಾಕಿದ ಬ್ಯಾಕ್ಟೀರಿಯಾ ಒಂದೇ ರಾತ್ರಿಗೆ ಕೊಚ್ಚಿಹೋಗುತ್ತದೆ. ಸಹಿ ಹಾಕುವುದಾದರೆ ಇದನ್ನು ಬರೆದು ಹಾಕಿ.

ಕಾಳಿದಂಡೆ:
ಕಾರವಾರದಿಂದ ನಮಸ್ಕಾರ. ನಿಮ್ಮದು ಇಳಿಜಾರಿನ ಗೋಳು, ನಮ್ಮದು ಸಮತಟ್ಟಿನ ಗೋಳು. ಉಸುಕಿನ ನೆಲ, ಮಳೆಗಾಲದಲ್ಲಿ ಎರಡು ಮೊಳ ಅಗೆದರೆ ನೀರು. ಇಂಗುಗುಂಡಿಯಲ್ಲಿ ನೀರು ಇಂಗುವ ಬದಲು ಒಳಗೆ ಬರುತ್ತದೆ. ಭರತ ಏರಿದಾಗ ಗಟಾರದ ನೀರು ಸಮುದ್ರಕ್ಕೆ ಇಳಿಯದೆ ಹಿಂದಕ್ಕೆ ತಳ್ಳಿಕೊಂಡು ನಿಲ್ಲುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಜೋರು ಮಳೆಯೂ ಸೇರಿತೋ, ಬಚ್ಚಲಿನಲ್ಲಿ ಕಪ್ಪೆ.

ಒಂದು ಅನುಕೂಲ ನಮಗಿದೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳಿವೆ, ವಿದ್ಯುದಾಗಾರದಿಂದ ಬಿಟ್ಟ ನೀರು ಬೇಸಿಗೆಯಲ್ಲೂ ಬರುತ್ತದೆ. ಅಘನಾಶಿನಿಗೆ ಅಣೆಕಟ್ಟಿಲ್ಲ ಎಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಆ ಹೆಮ್ಮೆಯ ಹೊಳೆಗೆ ಬೇಸಿಗೆಯಲ್ಲಿ ಹೊಲಸನ್ನು ತೆಳುವಾಗಿಸುವಷ್ಟು ನೀರಿರುವುದಿಲ್ಲ ಎಂಬುದೂ ಸೇರಿಕೊಂಡಿದೆ.

ಬಚ್ಚಲುಒಲೆ:
ಎಲ್ಲರೂ ಪೇಟೆಯನ್ನು ಬೈಯುತ್ತಿದ್ದೀರಿ. ಅಡಿಕೆ ಬೇಯಿಸಿದ ಹಂಡೆ ತೊಳೆದ ಚೊಗರುನೀರು ಎಲ್ಲಿಗೆ ಹೋಗುತ್ತದೆ? ನವೆಂಬರಿನಲ್ಲಿ ನಮ್ಮ ಹಳ್ಳ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೂ ಆಮ್ಲಜನಕದ ಹಸಿವಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮದ್ದಿನ, ತಾಮ್ರ ಎಲ್ಲಿಗೆ ಹೋಗುತ್ತದೆ? ಮೈಲುತುತ್ತ ಎಂದು ಹೆಸರಿಟ್ಟುಕೊಂಡವರೇ ಉತ್ತರಿಸಲಿ.

ಮೈಲುತುತ್ತ:
ನಾವು ಚಾಲಿ ಮಾಡುವವರು, ಅಡಿಕೆಯನ್ನು ಬೇಯಿಸದೆ ಒಣಗಿಸುತ್ತೇವೆ, ಚೊಗರೇ ಇಲ್ಲ. ಇನ್ನು ಮದ್ದು ಹೊಡೆಯದಿದ್ದರೆ ಕೊನೆಗಾರನಿಗೆ ಕೊಯ್ಯಲು ಏನೂ ಉಳಿಯುವುದಿಲ್ಲ. ನೂರು ಲೀಟರಿಗೆ ಒಂದು ಕಿಲೋ ತುತ್ತ. ಅದನ್ನೂ ಪೇಟೆಯ ಹೇಲನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಬಚ್ಚಲುಒಲೆ:
ತಕ್ಕಡಿಗೆ ಹಾಕಿದ್ದು ನಾನಲ್ಲ, ಹಳ್ಳ.

ಅಪ್ಪೆಮಿಡಿ:
ಈ ವರ್ಷ ಚಾಲಿ ಧಾರಣೆ ಏರುವ ಲಕ್ಷಣ ಇದೆಯೇ?

ನಿರ್ವಾಹಕ:
ಧಾರಣೆಗೆ ಬೇರೆ ಎಳೆ ಇದೆ. ಇಲ್ಲಿ ಬೇಡ.

ಗೋಬರ್‌ಭಾವ:
ಇಷ್ಟೆಲ್ಲ ಏಕೆ? ನಮ್ಮ ಮನೆಯಲ್ಲಿ ಪಾಯಿಖಾನೆಯ ಪೈಪನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಸೇರಿಸಿ ಹತ್ತು ವರ್ಷವಾಯಿತು. ಬೆಳಗ್ಗಿನ ದೋಸೆ ಅದರಲ್ಲೇ. ಆಯಿಗೆ ಎರಡು ವರ್ಷ ಹೇಳಿರಲಿಲ್ಲ. ಗೊತ್ತಾದ ದಿನ ಮೂರು ಹೊತ್ತು ಬಾಳೆಹಣ್ಣು ತಿಂದು ಕಳೆದರು. ನಾಲ್ಕನೆಯ ಹೊತ್ತಿಗೆ ಚಹಾ ಕುಡಿದರು.

ನೀರಿನ ಮೇಷ್ಟ್ರು:
ಹಳ್ಳಿಮನೆಗೆ ಒಳ್ಳೆಯದು ಭಾವ. ದನವಿಲ್ಲದ, ಅಂಗಳವಿಲ್ಲದ, ಐದು ಸೆಂಟ್ಸಿನ ಪೇಟೆಮನೆಗೆ ಆಗದು. ತೊಟ್ಟಿಯಿಂದ ಬರುವ ಬಗ್ಗಡವನ್ನು ಹಸಿಯಾಗಿ ತರಕಾರಿಗೆ ಹಾಕಬೇಡಿ. ಅನಿಲ ಬಂದಿತೆಂದರೆ ರೋಗಾಣು, ಹುಳುವಿನ ಮೊಟ್ಟೆ ಎಲ್ಲ ಸತ್ತವು ಎಂದಲ್ಲ.

ಸಕಿಂಗ್‌ಗಾಡಿ:
ನಾನು ಪಾಯಿಖಾನೆಯ ಹೊಂಡ ಖಾಲಿ ಮಾಡುವ ಟ್ಯಾಂಕರ್ ಓಡಿಸಿದವನು, ಈಗ ಬಿಟ್ಟಿದ್ದೇನೆ. ಯಾರೂ ಕೇಳದ ಮಾತೊಂದು ಹೇಳುತ್ತೇನೆ. ಘಟಕ ಕಟ್ಟಿದರೂ ಪೇಟೆಯ ಎಲ್ಲ ಮನೆಗಳೂ ಅದಕ್ಕೆ ಸೇರುವುದಿಲ್ಲ. ರಸ್ತೆಯಲ್ಲಿ ಪೈಪ್ ಬಂದರೂ ‘ಅಂಗಳ ಯಾರು ಅಗೆಯುತ್ತಾರೆ’ ಎಂದು ಬಿಡುತ್ತಾರೆ. ಹಳೆಯ ಹೊಂಡವೇ ಇರುತ್ತದೆ, ತುಂಬಿದಾಗ ನಮಗೆ ಫೋನು. ತುಂಬಿಸಿಕೊಂಡು ಎಲ್ಲಿಗೆ ಹೋಗಬೇಕು? ನಾನು ಕೆಲಸ ಮಾಡಿದ ಕಡೆ ಖಾಲಿ ಮಾಡಲು ಜಾಗವೇ ಇರಲಿಲ್ಲ. ಮಾಲೀಕರು ‘ಎಲ್ಲಾದರೂ ನೋಡಿಕೋ’ ಎನ್ನುತ್ತಿದ್ದರು. ಎಲ್ಲಾದರೂ ಎಂದರೆ ರಾತ್ರಿ, ಕಾಡಿನ ತಿರುವು, ಸೇತುವೆಯ ಕೆಳಗೆ. ಹೆಮ್ಮೆಯಿಂದ ಹೇಳುತ್ತಿಲ್ಲ. ಆ ಕೆಲಸ ಬಿಟ್ಟದ್ದೂ ಅದಕ್ಕೇ.

ಹೊಂಡದ ಬಗ್ಗಡ ಗಟಾರದ ನೀರಿಗಿಂತ ಎಷ್ಟೋ ಪಾಲು ಗಟ್ಟಿ. ಒಂದು ಟ್ಯಾಂಕರ್ ಸಾಕು, ಬೇಸಿಗೆಯ ಹಳ್ಳವೊಂದು ಸತ್ತುಹೋಗಲು. ಇದಕ್ಕೆ ಬೇರೆಯೇ ಘಟಕ ಬೇಕು. ದೇವನಹಳ್ಳಿಯಲ್ಲಿ 2015ರಲ್ಲೇ ಮಾಡಿದ್ದಾರೆ. ಟ್ಯಾಂಕರ್ ಅಲ್ಲಿಗೆ ಹೋಗಿ ಸುರಿಯುತ್ತದೆ, ಕೆಸರನ್ನು ಒಣಗಿಸಿ ಗೊಬ್ಬರ ಮಾಡುತ್ತಾರೆ.

ಮತ್ತೆ, ಯಾರೂ ಕೂಲಿಯವರನ್ನು ಹೊಂಡಕ್ಕೆ ಇಳಿಸಬೇಡಿ. 2013ರ ಕಾಯ್ದೆಯಂತೆ ಅದು ಅಪರಾಧ. ಕಾಯ್ದೆ ಇಲ್ಲದಿದ್ದರೂ ಇಳಿಸಬೇಡಿ. ಒಳಗಿನ ಗಾಳಿ ಎರಡು ಉಸಿರಿಗೆ ಮನುಷ್ಯನನ್ನು ಬೀಳಿಸುತ್ತದೆ, ಎತ್ತಲು ಇಳಿದವನನ್ನೂ.

ಗಜನಿಗದ್ದೆ:
ಅಣ್ಣ, ಇಲ್ಲಿ ಬಂದು ಬರೆದಿರಲ್ಲ, ಅದು ದೊಡ್ಡದು.

ಕಾಳಿದಂಡೆ:
ಸಕಿಂಗ್‌ಗಾಡಿಯವರೇ, ಹೊಂಡವನ್ನು ಎಷ್ಟು ವರ್ಷಕ್ಕೊಮ್ಮೆ ಖಾಲಿ ಮಾಡಬೇಕು? ನಮ್ಮದು ‘ಒಳ್ಳೆಯ ಹೊಂಡ’, ಇಪ್ಪತ್ತು ವರ್ಷವಾದರೂ ತುಂಬಿಲ್ಲ.

ಸಕಿಂಗ್‌ಗಾಡಿ:
ಎರಡು ಮೂರು ವರ್ಷಕ್ಕೊಮ್ಮೆ. ಇಪ್ಪತ್ತು ವರ್ಷ ತುಂಬದ ಹೊಂಡ ಒಳ್ಳೆಯದಲ್ಲ ಸ್ವಾಮಿ, ತೂತು. ನಿಮ್ಮ ಬಾವಿ ಎಷ್ಟು ದೂರದಲ್ಲಿದೆ?

ಕಾಳಿದಂಡೆ:
…

ನೀರಿನ ಮೇಷ್ಟ್ರು:
ಘಟ್ಟದ ಮೇಲಿನವರೂ ನಗಬೇಡಿ. ಚಿರೇಕಲ್ಲಿನ ನೆಲದಲ್ಲಿ ಅಲ್ಲಲ್ಲಿ ಪೊಳ್ಳು, ಬಿರುಕು. ಮರಳುಮಣ್ಣು ಸೋಸುವ ಹಾಗೆ ಅದು ಸೋಸುವುದಿಲ್ಲ, ಕೊಳವೆಯ ಹಾಗೆ ಸಾಗಿಸಿಬಿಡುತ್ತದೆ. ಹೊಂಡಕ್ಕೂ ಬಾವಿಗೂ ಇಷ್ಟು ಅಡಿ ಅಂತರ ಎಂಬ ಪುಸ್ತಕದ ಲೆಕ್ಕ ಇಲ್ಲಿ ನಂಬಿಕೆಗೆ ಬಾರದು. ವರ್ಷಕ್ಕೊಮ್ಮೆ ಬಾವಿನೀರು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕುದಿಸಿ ಕುಡಿಯಿರಿ.

ಮೈಲುತುತ್ತ:
ಸರಿ, ನಾನು ಪೂರ್ತಿ ಒಪ್ಪಲಿಲ್ಲ, ಆದರೆ ಕೇಳುತ್ತೇನೆ. ಅರ್ಜಿಗೆ ಸಹಿ ಹಾಕದಿದ್ದರೆ ಏನು ಬರೆಯಬೇಕು? ‘ದಯವಿಟ್ಟು ನಮ್ಮೂರಿಗೆ ಹೊಲಸು ತನ್ನಿ’ ಎಂದೇ?

ಪಂಪ್‌ಹೌಸ್:
ಜಾಗವನ್ನು 2019ರ ನೆರೆಯ ಗುರುತಿಗಿಂತ ಮೇಲಕ್ಕೆ ಸರಿಸಿ ಎನ್ನಿ. ಕಟ್ಟುವ ಗುತ್ತಿಗೆದಾರನೇ ಐದೋ ಹತ್ತೋ ವರ್ಷ ನಡೆಸಬೇಕೆಂಬ ಷರತ್ತು ಇದೆಯೇ ಎಂದು ಕೇಳಿ. ಅದಿಲ್ಲದಿದ್ದರೆ ಮೈಲುತುತ್ತ ಅವರ ಲಂಟಾನವೇ ಸರಿ. ಕರೆಂಟು ಬಿಲ್ಲಿಗೂ ಡೀಸೆಲ್ಲಿಗೂ ಹಣ ಯಾವ ಖಾತೆಯದು? ಹೊರಬಿಡುವ ನೀರಿನ ಬಿಒಡಿಯನ್ನು ಪ್ರತಿ ತಿಂಗಳು ಗೇಟಿನ ಹೊರಗೆ ಬೋರ್ಡಿನಲ್ಲಿ ಬರೆಯಲಿ. 2017ರ ಕೇಂದ್ರದ ಅಧಿಸೂಚನೆಯಲ್ಲಿ ಮಹಾನಗರವಲ್ಲದ ಊರುಗಳಿಗೆ ಲೀಟರಿಗೆ 30 ಮಿಲಿಗ್ರಾಂ ಎಂದಿದೆ. 2019ರಲ್ಲಿ ಹಸಿರು ನ್ಯಾಯಮಂಡಳಿ 10 ಎಂದು ಬಿಗಿ ಮಾಡಿತು. ನೀವು 10 ಕೇಳಿ, ಬೇಸಿಗೆಯ ಹಳ್ಳಕ್ಕೆ 30 ಹೆಚ್ಚಾಯಿತು. ಟ್ಯಾಂಕರ್ ಬಗ್ಗಡ ಸುರಿಯಲು ಅಲ್ಲೇ ಜಾಗ ಮಾಡಲಿ. ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸಿದ ಮನೆಗಳನ್ನು ಬಿಡಿಸಲಿ, ಇಲ್ಲದಿದ್ದರೆ ಜುಲೈಯಲ್ಲಿ ಘಟಕಕ್ಕೆ ಬರುವುದು ಚರಂಡಿ ನೀರಲ್ಲ, ಮಾಡಿನ ನೀರು. ಅದನ್ನು ಹಾಗೆಯೇ ಹಳ್ಳಕ್ಕೆ ತಿರುಗಿಸಿ ಕೈ ತೊಳೆದುಕೊಳ್ಳುತ್ತಾರೆ.

ಲೆಕ್ಕಪತ್ರ:
ಸೊನ್ನೆ ಎಣಿಸಿಯೇ ಹೇಳುತ್ತಿದ್ದೇನೆ: 65 ಲಕ್ಷ ಲೀಟರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಎಂದರೆ ದಿನಕ್ಕೆ 1,600 ಕಿಲೋ ದಾಟುತ್ತದೆ. 10 ಎಂದರೆ 65 ಕಿಲೋ. ಯಾರಾದರೂ ಪರಿಶೀಲಿಸಿ.

ಘಟ್ಟದಿಳಿದವ:
ಈ ಸಲ ಸರಿ ಇದೆ. ಹೆಸರು ಉಳಿಸಿಕೊಳ್ಳಿ.

ತೋಟದಂಚು:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಹಳೆಯ ಅರ್ಜಿಗೆ ಸಹಿ ಹಾಕಲಿಲ್ಲ. ಬೇರೆ ಅರ್ಜಿ ಬರೆದೆ, ಪಂಪ್‌ಹೌಸ್ ಅಣ್ಣನ ಮಾತುಗಳನ್ನೇ ಸ್ವಲ್ಪ ತೊಳೆದು ಹಾಕಿದ್ದೇನೆ. ಕೆಳಗಿನ ಊರುಗಳ ಬಳಚಿನ ಸಂಗತಿಯೂ ಇದೆ. ಹದಿನೇಳು ಮನೆಯವರು ಸಹಿ ಮಾಡಿದರು. ಆರು ಮನೆಯವರು ‘ನೀನು ಪೇಟೆಯವರ ಕಡೆ’ ಎಂದರು. ಮಾವನವರು ಎರಡಕ್ಕೂ ಸಹಿ ಮಾಡಿದ್ದಾರೆ. ಈ ಸಲವೂ ಕನ್ನಡಕ ಹಾಕಲಿಲ್ಲ.

ಮೈಲುತುತ್ತ:
ನೆರೆಯ ಗುರುತಿಗಿಂತ ಮೇಲೆ ಎಂದು ಬರೆದಿದ್ದೀರಾ? ಹಾಗಾದರೆ ನಮ್ಮ ಕೇರಿಯ ಪ್ರತಿಯನ್ನೂ ಕಳಿಸಿ. ನೋಡುತ್ತೇನೆ. ಸಹಿ ಹಾಕುತ್ತೇನೆ ಎಂದು ಹೇಳಲಿಲ್ಲ.

ಸಕಿಂಗ್‌ಗಾಡಿ:
ತಂಗಿ, ಎಲ್ಲ ಸರಿ. ನಿಮ್ಮ ಮನೆಯ ಹೊಂಡ ಖಾಲಿ ಮಾಡಿ ಎಷ್ಟು ವರ್ಷವಾಯಿತು?

ತೋಟದಂಚು:
ನಿಮ್ಮ ಮಾತು ಓದಿದ ದಿನವೇ ವಿಚಾರಿಸಿದೆ ಅಣ್ಣ. ಅದರ ಮುಚ್ಚಳ ಎಲ್ಲಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಚ್ಚಲ ಹಿಂದೆ ಎಂದು ಅತ್ತೆ, ಕೊಟ್ಟಿಗೆಯ ಪಕ್ಕ ಎಂದು ಮಾವ. ಕೊನೆಗೆ ಕಟ್ಟಿದ ಮೇಸ್ತ್ರಿಯನ್ನೇ ಹುಡುಕಿ ಫೋನು ಮಾಡಿದೆವು. ನನ್ನ ಮದುವೆಯ ಚಪ್ಪರಕ್ಕೆಂದು ಅಂಗಳಕ್ಕೆ ಕಾಂಕ್ರೀಟು ಹಾಕಿಸಿದ್ದರಲ್ಲ, ಅದರ ಕೆಳಗಂತೆ.